ಪುರಾವೆ ಇದೆ, ವಾದ ಎಲ್ಲಿದೆ? ಒಂಬತ್ತನೇ ತರಗತಿಯ ಪ್ಯಾರಾ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಆಳಂದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಒಂಬತ್ತನೇ ತರಗತಿಯಲ್ಲಿ 54 ಮಕ್ಕಳಿದ್ದಾರೆ. ಯಾವ ವಿಷಯ ಕೊಟ್ಟರೂ 'ಇದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ' ಅಂತ ಬರೆದು ಮುಗಿಸುತ್ತಾರೆ. 'ಆಧಾರ ಕೊಟ್ಟು ಬರೆಯಿರಿ' ಅಂತ ಹೇಳಿ ಹೇಳಿ ಸಾಕಾಯಿತು. ಈಗ 'ವಿಜ್ಞಾನಿಗಳು ಹೇಳಿದ್ದಾರೆ', 'ಸಮೀಕ್ಷೆಯ ಪ್ರಕಾರ' ಅಂತ ಸೇರಿಸುತ್ತಾರೆ. ಯಾವ ಸಮೀಕ್ಷೆ ಅಂದರೆ ಪಕ್ಕದವರ ಮುಖ ನೋಡುತ್ತಾರೆ. ಇದೇ ಮಕ್ಕಳು ಬಾಯಲ್ಲಿ ವಾದ ಮಾಡಲು ನಿಂತರೆ ನನ್ನನ್ನೂ ಸೋಲಿಸುತ್ತಾರೆ! ಎಲ್ಲರ ಬರಹ ತಿದ್ದಲು ನನಗೆ ಸಮಯ ಸಾಲುವುದಿಲ್ಲ. ಪೀಠಿಕೆ, ಉಪಸಂಹಾರ ಬಿಟ್ಟರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ ಅನ್ನುವ ಹೆದರಿಕೆ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಬಾಯಲ್ಲಿ ನನ್ನನ್ನೂ ಸೋಲಿಸುತ್ತಾರೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ.

ನಾಳೆ ಊಟದ ಬಿಡುವಿನಲ್ಲಿ ಮೈದಾನದ ಕಡೆ ಹೋಗಿ ಸುಮ್ನೆ ನಿಂತುಕೊಳ್ಳಿ. ಕ್ರಿಕೆಟ್ ನಡೆದಿರುತ್ತದೆ. ಯಾರೋ ರನ್ ಔಟ್ ಆಗಿರುತ್ತಾನೆ. 'ಔಟ್ ಇಲ್ಲ ಲೇ!' 'ಯಾಕ್ ಇಲ್ಲ?' 'ಬ್ಯಾಟ್ ಗೆರಿ ಒಳಗ ಇತ್ತು.' 'ನೀ ಎಲ್ಲಿಂದ ನೋಡ್ದಿ?' 'ನಾ ಗೆರಿ ಬಾಜೂಕ ನಿಂತಿದ್ದೆ. ನೀ ದೂರ ಇದ್ದಿ, ನಿನಗೇನ್ ಕಾಣ್ತದ?' ಅರ್ಧ ನಿಮಿಷ ಆಗಿಲ್ಲ, ಎಲ್ಲ ಬಂದುಬಿಟ್ಟಿತು. ಒಂದು ಹೇಳಿಕೆ, ಅದಕ್ಕೊಂದು ಕಾರಣ, ಒಬ್ಬ ಸಾಕ್ಷಿ, ಆ ಸಾಕ್ಷಿಯನ್ನು ಯಾಕೆ ನಂಬಬೇಕು ಅನ್ನುವ ಮಾತು, ಎದುರಾಳಿಯ ಸಾಕ್ಷಿ ಯಾಕೆ ಕೆಲಸಕ್ಕೆ ಬಾರದು ಅನ್ನುವುದು ಕೂಡ.

ಇದೇ ಹುಡುಗ ಮೂರನೇ ಪಿರಿಯಡ್‌ನಲ್ಲಿ ಕೂತು 'ಮೊಬೈಲ್ ಒಂದು ವರವೂ ಹೌದು ಶಾಪವೂ ಹೌದು' ಅಂತ ಬರೆಯುತ್ತಾನೆ. ಅವನ ಬುದ್ಧಿ ಎಲ್ಲೂ ಹೋಗಿಲ್ಲ. ಮೈದಾನದಲ್ಲಿ ಎದುರಿಗೆ ಒಬ್ಬ ನಿಂತು 'ಯಾಕ್?' ಅಂತ ಕೇಳುತ್ತಿದ್ದ. ಹಾಳೆ ಏನೂ ಕೇಳುವುದಿಲ್ಲ. ಏನು ಬರೆದರೂ ಸುಮ್ಮನೆ ಬರೆಸಿಕೊಳ್ಳುತ್ತದೆ. ಹಾಗಾಗಿ ನೀವು ಮಾಡಬೇಕಾದ ಕೆಲಸ ಒಂದೇ: ಆ ತಕರಾರಿನ ಹುಡುಗನನ್ನು ಹಾಳೆಯ ಒಳಗೆ ಕೂರಿಸುವುದು.

ತಕರಾರು ಅನ್ನುವ ಪದವನ್ನು ಬೇಕಂತಲೇ ಬಳಸುತ್ತಿದ್ದೇನೆ. 'ಪ್ರತಿವಾದ' ಅಂದರೆ ನಮ್ಮ ಕಡೆಯ ಮಕ್ಕಳಿಗೆ ಅದು ಪಠ್ಯಪುಸ್ತಕದ ಪದ. 'ನಿಂದೇನು ತಕರಾರು?' ಅಂದರೆ ತಕ್ಷಣ ಎದ್ದು ನಿಲ್ಲುತ್ತಾರೆ. ಹೊಲದ ಬದುವಿನ ಮೇಲೆ, ನಳದ ಸರದಿಯಲ್ಲಿ ದಿನಾ ಕೇಳುವ ಪದ ಅದು.

ಹಾಗಾದರೆ ಮಕ್ಕಳು ಬರೆಯುವಾಗ ಮಾತ್ರ ಹೀಗೇಕೆ ಆಗುತ್ತಾರೆ? ಇದರಲ್ಲಿ ನಮ್ಮ ಪಾಲು ಜಾಸ್ತಿ ಇದೆ ಅಂತ ನನ್ನ ಲೆಕ್ಕ. ಗಾದೆ ವಿಸ್ತರಣೆಯನ್ನೇ ನೋಡಿ. ಮಗು ಬರವಣಿಗೆಯಲ್ಲಿ ಒಂದು ಮಾತನ್ನು ಬೆಳೆಸುವುದನ್ನು ಕಲಿಯುವುದು ಅಲ್ಲಿಯೇ. ಆದರೆ ಅಲ್ಲಿ ಮಾತು ನಿಜ ಅಂತ ಮೊದಲೇ ತೀರ್ಮಾನ ಆಗಿರುತ್ತದೆ. 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅಂತ ಮೊದಲ ಸಾಲಿನಲ್ಲೇ ಬರೆಸುತ್ತೇವೆ. ಆಮೇಲೆ ಮಗು ಮಾಡುವುದು ಬರೀ ವಿವರಣೆ. ಐದಾರು ವರ್ಷ ಹೀಗೆ ಬರೆದವರಿಗೆ 'ನಿನ್ನ ಮಾತು ನಿಜ ಅಂತ ತೋರಿಸು' ಅಂದರೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಅದೇ ಮಾತನ್ನು ಮೂರು ಸಲ ಬೇರೆ ಬೇರೆ ಪದಗಳಲ್ಲಿ ಹೇಳುತ್ತಾರೆ.

ಗಾದೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಎರಡು ಗಾದೆ ಒಟ್ಟಿಗೆ ಕೊಡಿ, ಒಂದಕ್ಕೊಂದು ಹೊಡೆದಾಡುವಂಥವು. 'ಮಾತು ಬೆಳ್ಳಿ, ಮೌನ ಬಂಗಾರ.' 'ಬಾಯಿದ್ದವನು ಬರಗಾಲದಲ್ಲೂ ಬದುಕಿದ.' ಎರಡೂ ನಮ್ಮವೇ. ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಕಡಿಮೆ ಬಂದಾಗ ಯಾವುದು ಸರಿ? ಅಪ್ಪ ಸಿಟ್ಟಿನಲ್ಲಿ ಇರುವಾಗ? ಇಲ್ಲಿ ಮಗು ಒಂದು ಕಡೆ ನಿಲ್ಲಲೇಬೇಕು. ನಿಂತಮೇಲೆ ಯಾಕೆ ಅಂತ ಹೇಳಲೇಬೇಕು.

ಈಗ ಆಧಾರದ ವಿಷಯ. ನೀವು ಆಧಾರ ಕೇಳಿದಿರಿ, ಮಕ್ಕಳು 'ಸಮೀಕ್ಷೆ' ತಂದುಕೊಟ್ಟರು. ತಪ್ಪು ಅವರದಲ್ಲ. ನಾನೂ ಎಷ್ಟೋ ವರ್ಷ ಕೆಂಪು ಶಾಯಿಯಲ್ಲಿ 'ಆಧಾರ?' ಅಂತ ಬರೆದು ಪುಸ್ತಕ ಮುಚ್ಚುತ್ತಿದ್ದೆ. ಒಬ್ಬ ಹುಡುಗಿ ಒಮ್ಮೆ ಆ ಪದದ ಕೆಳಗೇ 'ಹೌದು ಸರ್' ಅಂತ ಬರೆದು ಪುಸ್ತಕ ವಾಪಸ್ ಕೊಟ್ಟಿದ್ದಳು. ಅವತ್ತು ನಕ್ಕೆ. ಆಮೇಲೆ ಯೋಚನೆ ಮಾಡಿದೆ: ನಾನು ಏನು ಕೇಳುತ್ತಿದ್ದೇನೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ತಿಳಿದದ್ದು ಇದು. ನಮ್ಮ ಮಕ್ಕಳ ಪ್ಯಾರಾದಲ್ಲಿ ಮುರಿದಿರುವ ಜಾಗ ಆಧಾರವಲ್ಲ. ಆಧಾರ ತರುವುದನ್ನು ಒಂದು ವಾರದಲ್ಲಿ ಕಲಿಸಬಹುದು. ಮುರಿದಿರುವುದು ಆಧಾರಕ್ಕೂ ಹೇಳಿಕೆಗೂ ನಡುವಿನ ಕೊಂಡಿ. ಒಂದು ಸಂಖ್ಯೆ ಬರೆಯುತ್ತಾರೆ, ಪಕ್ಕದಲ್ಲಿ ಒಂದು ಅಭಿಪ್ರಾಯ ಇಡುತ್ತಾರೆ, 'ಆದ್ದರಿಂದ' ಅಂತ ಒಂದು ಪದ ಹಾಕಿ ಮುಗಿಸುತ್ತಾರೆ. 'ಆದ್ದರಿಂದ' ಅಂದ ಮಾತ್ರಕ್ಕೆ ಕೊಂಡಿ ಬೀಳುವುದಿಲ್ಲ. ಬಾಗಿಲಿಗೆ ಚಿಲಕ ಹಾಕಿದ ಹಾಗೆ ಶಬ್ದ ಬರುತ್ತದೆ ಅಷ್ಟೇ.

ಒಂದು ಉದಾಹರಣೆಯನ್ನು ಕೊನೆವರೆಗೂ ನೋಡೋಣ. ಬಸ್ಸಿನ ವಿಷಯ. ಲೆಕ್ಕಗಳನ್ನು ಮಾದರಿಗಾಗಿ ನಾನೇ ಹಾಕಿದ್ದೇನೆ. ನಿಮ್ಮ ಮಕ್ಕಳು ತಮ್ಮದೇ ಲೆಕ್ಕ ಹಾಕಲಿ. ಮೊದಲ ಸಲ ಬರೆದಾಗ ಹೀಗೆ ಬರುತ್ತದೆ:

'ನಮ್ಮ ಊರಿಗೆ ಬಸ್ಸಿನ ಸಮಸ್ಯೆ ಬಹಳ ಇದೆ. ಇದರಿಂದ ವಿದ್ಯಾರ್ಥಿಗಳಿಗೆ ತುಂಬಾ ತೊಂದರೆಯಾಗುತ್ತದೆ. ವಿದ್ಯಾರ್ಥಿಗಳು ದೇಶದ ಭವಿಷ್ಯ. ಆದ್ದರಿಂದ ಸರ್ಕಾರ ಈ ಬಗ್ಗೆ ಗಮನ ಹರಿಸಬೇಕು.'

ಇದನ್ನು ಬೋರ್ಡ್ ಮೇಲೆ ಬರೆಯಿರಿ. ಯಾರದು ಅಂತ ಹೇಳಬೇಡಿ. 'ತಕರಾರು ಯಾರದಾದರೂ ಇದೆಯಾ?' ಅಂತ ಕೇಳಿ. ಮೊದಲು ಯಾರೂ ಏಳುವುದಿಲ್ಲ, ಯಾಕೆಂದರೆ ಇದರಲ್ಲಿ ತಕರಾರು ತೆಗೆಯುವಂಥದ್ದು ಏನೂ ಇಲ್ಲ. ದೇಶದ ಭವಿಷ್ಯ ಅಲ್ಲ ಅಂತ ಯಾರು ಹೇಳುತ್ತಾರೆ? ಇದೇ ಮೊದಲ ಪರೀಕ್ಷೆ. ಯಾರೂ ಬೇಡ ಅನ್ನಲಾಗದ ಮಾತು ವಾದ ಆಗುವುದಿಲ್ಲ. 'ಏನು ಬೇಕು ನಿನಗೆ? ಯಾವ ಬಸ್ಸು? ಎಷ್ಟು ಗಂಟೆಗೆ?' ಅಂತ ಕೇಳಿ. ಹೇಳಿಕೆ ಸಣ್ಣದಾಗುತ್ತ ಬರುತ್ತದೆ. ಸಣ್ಣದಾದಷ್ಟೂ ಗಟ್ಟಿಯಾಗುತ್ತದೆ. 'ಬೆಳಗ್ಗೆ ಇನ್ನೊಂದು ಬಸ್ಸು ಬೇಕು.' ಸರಿ, ಈಗ ತಕರಾರಿಗೆ ಜಾಗ ಆಯಿತು.

ಎರಡನೇ ದಿನ ಎಣಿಕೆ. ಎಷ್ಟು ಜನ ಆ ಬಸ್ಸಿಗೆ ಬರುತ್ತೀರಿ? ಎರಡು ವಾರದಲ್ಲಿ ಎಷ್ಟು ದಿನ ತಡವಾಯಿತು? ಹಾಜರಿ ಪುಸ್ತಕ ನಿಮ್ಮ ಕೈಯಲ್ಲೇ ಇದೆ, ಅಲ್ವಾ? ಬಹಳ ಜನ ಮಕ್ಕಳಿಗೆ ಇದೇ ಹೊಸ ಸುದ್ದಿ: ತಾವೇ ಎಣಿಸಿದ್ದೂ ಪುರಾವೆ, ಅದು ಪೇಪರ್‌ನಲ್ಲಿ ಬಂದಿರಬೇಕಿಲ್ಲ.

ಮೂರನೇ ದಿನ ಕೊಂಡಿ. '54ರಲ್ಲಿ 19 ಜನ, 12 ದಿನದಲ್ಲಿ 9 ದಿನ ತಡ.' ಆಯ್ತು, ಅದಕ್ಕೇನೀಗ? ಹೀಗೇ ಕೇಳಿ: 'ಅದಕ್ಕೇನೀಗ?' ತುಸು ಒರಟು ಪ್ರಶ್ನೆ ಇದು, ಆದರೆ ಇಡೀ ಪಾಠ ಇದರಲ್ಲೇ ಇದೆ. ತಡವಾದರೆ ಏನು ಹೋಯಿತು? ಪ್ರಾರ್ಥನೆ ಹೋಯಿತಾ, ಪಾಠ ಹೋಯಿತಾ? ಮೊದಲ ಪಿರಿಯಡ್ ಯಾವುದು? ಗಣಿತ. ಕನ್ನಡ ಪದ್ಯ ಒಂದು ದಿನ ತಪ್ಪಿದರೆ ಮರುದಿನ ಬೇರೆ ಪದ್ಯ ಓದಬಹುದು. ಗಣಿತದಲ್ಲಿ ಇವತ್ತಿನದು ತಪ್ಪಿದರೆ ನಾಳೆಯದೂ ತಿಳಿಯುವುದಿಲ್ಲ. ನೋಡಿ, ಕೊಂಡಿ ಸಿಕ್ಕಿತು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ಮಗುವಿನ ತಲೆಯಲ್ಲೇ ಇತ್ತು. ಯಾರೂ ಕೇಳಿರಲಿಲ್ಲ ಅಷ್ಟೇ.

ನಾಲ್ಕನೇ ದಿನ ತಕರಾರು. 'ಒಂದು ತರಗತಿಯ 19 ಮಕ್ಕಳಿಗಾಗಿ ಹೊಸ ಬಸ್ಸಾ? ಡೀಸೆಲ್ ಖರ್ಚು ಯಾರು ಕೊಡ್ತಾರ?' ಒಳ್ಳೆಯ ತಕರಾರು ಇದು. ಇಲ್ಲಿ ಮಗು ಗಟ್ಟಿಯಾಗಿ ಕೂಗಿ ಗೆಲ್ಲಲು ನೋಡುತ್ತದೆ. ಬಿಡಬೇಡಿ. ತಕರಾರು ನಿಜವಾಗಿದ್ದರೆ ಹೇಳಿಕೆಯನ್ನೇ ಬದಲಿಸಬಹುದು ಅಂತ ತೋರಿಸಿ. ಹೊಸ ಬಸ್ಸು ಬೇಡ, ಇರುವುದನ್ನೇ ಅರ್ಧ ಗಂಟೆ ಮುಂಚೆ ಬಿಟ್ಟರೆ? ಕೊನೆಗೆ ಬಂದ ಪ್ಯಾರಾ ಸುಮಾರಾಗಿ ಹೀಗಿರುತ್ತದೆ:

'ನಮ್ಮ ಊರಿನಿಂದ ಶಾಲೆಗೆ ಬರುವ ಬೆಳಗಿನ ಬಸ್ಸನ್ನು ಅರ್ಧ ಗಂಟೆ ಮುಂಚೆ ಬಿಡಬೇಕು. ನಮ್ಮ ತರಗತಿಯ 54 ಮಕ್ಕಳಲ್ಲಿ 19 ಜನ ಇದೇ ಬಸ್ಸಿಗೆ ಬರುತ್ತೇವೆ. ಕಳೆದ ಎರಡು ವಾರದ 12 ದಿನಗಳಲ್ಲಿ 9 ದಿನ ನಾವು ಬರುವಷ್ಟರಲ್ಲಿ ಮೊದಲ ಪಿರಿಯಡ್ ಅರ್ಧ ಮುಗಿದಿತ್ತು. ವಾರದಲ್ಲಿ ನಾಲ್ಕು ದಿನ ಆ ಪಿರಿಯಡ್ ಗಣಿತದ್ದು. ಗಣಿತದಲ್ಲಿ ಇವತ್ತಿನ ಲೆಕ್ಕ ತಿಳಿಯದಿದ್ದರೆ ನಾಳೆಯದು ತಿಳಿಯುವುದಿಲ್ಲ. ಹಾಗಾಗಿ ಅರ್ಧ ಗಂಟೆ ತಡವಾದರೂ ನಮ್ಮ ಇಡೀ ವಾರ ಹೋಗುತ್ತದೆ. ಹೊಸ ಬಸ್ಸು ಬಿಟ್ಟರೆ ಖರ್ಚು ಬರುತ್ತದೆ ಅನ್ನುವುದು ನಿಜ. ಅದಕ್ಕೇ ನಾವು ಹೊಸ ಬಸ್ಸು ಕೇಳುತ್ತಿಲ್ಲ, ಇರುವ ಬಸ್ಸಿನ ಹೊತ್ತು ಬದಲಿಸಲು ಕೇಳುತ್ತಿದ್ದೇವೆ.'

ಇದರಲ್ಲೂ ಒಂದು ತೂತು ಇದೆ. ಅದೇ ಬಸ್ಸಿಗೆ ಹಾಲು, ತರಕಾರಿ ತರುವವರು ಇರುತ್ತಾರೆ. ಅವರಿಗೆ ಹೊತ್ತು ಬದಲಾದರೆ ಆಗುತ್ತದಾ? ಇದನ್ನು ನೀವು ಹೇಳಬೇಡಿ. ಹಿಂದಿನ ಬೆಂಚಿನಿಂದ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳಿದ ದಿನ ನಿಮ್ಮ ಪಾಠ ಗೆದ್ದಿತು ಅಂದುಕೊಳ್ಳಿ.

ಕೊಂಡಿ ಅಂತ ನಾನು ಕರೆದದ್ದನ್ನು ಕಂಡವರು ಬಹಳ ಹಿಂದೆಯೇ ಇದ್ದರು. ಸ್ಟೀಫನ್ ಟೂಲ್ಮಿನ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1958ರಲ್ಲಿ ವಾದದ ಭಾಗಗಳನ್ನು ಬಿಡಿಸಿ ತೋರಿಸುವಾಗ ಇದಕ್ಕೆ 'ವಾರಂಟ್' ಅಂತ ಹೆಸರಿಟ್ಟರು. ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಹಳೆಯ ತರ್ಕಶಾಸ್ತ್ರದ ಪಂಡಿತರು, ಅದಕ್ಕೂ ಎಷ್ಟೋ ಮುಂಚೆ ಐದು ಮೆಟ್ಟಿಲು ಹಾಕಿದ್ದರು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆಂದರೆ ಹೊಗೆ ಕಾಣುತ್ತಿದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯ ಹಾಗೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಮಕ್ಕಳಿಗೆ ಈ ಹೆಸರುಗಳು ಬೇಡ. ಆದರೆ ಬೆಟ್ಟದ ಉದಾಹರಣೆ ಹೇಳಿ, ನಡುವಿನ ಅಡುಗೆಮನೆಯ ಸಾಲನ್ನು ಅಳಿಸಿಬಿಡಿ. ಹೊಗೆಯನ್ನೇ ನೋಡದವನಿಗೆ ಇದು ಅರ್ಥ ಆಗುತ್ತದಾ ಅಂತ ಕೇಳಿ. ಕೊಂಡಿ ಯಾಕೆ ಬೇಕು ಅಂತ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಪುರಾವೆಯಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಗುರುತಿಸುವುದಕ್ಕೆ ಕನ್ನಡದಲ್ಲೇ ಒಂದು ಸಲಕರಣೆ ಇದೆ. 'ಅಂತೆ.' 'ಬಂದ' ಅಂದರೆ ನಾನು ನೋಡಿದ್ದೇನೆ. 'ಬಂದನಂತೆ' ಅಂದರೆ ಯಾರೋ ಹೇಳಿದ್ದು. 'ವಿಜ್ಞಾನಿಗಳು ಹೇಳಿದ್ದಾರೆ' ಅಂತ ಬರೆದ ಮಗುವಿಗೆ 'ಹೇಳಿದ್ದಾರೋ, ಹೇಳಿದ್ದಾರಂತೆಯೋ?' ಅಂತ ಕೇಳಿ. ಮುಖದ ಮೇಲೆ ನಗು ಬರುತ್ತದೆ. ಸುಳ್ಳು ಹೇಳಿದೆ ಅಂತ ಬೈಯುವ ಅಗತ್ಯವೇ ಇಲ್ಲ. ಪ್ಯಾರಾದಲ್ಲಿನ ಪ್ರತಿ ಪುರಾವೆಯ ಪಕ್ಕ ಪೆನ್ಸಿಲ್‌ನಲ್ಲಿ ಬರೆಯಲಿ: ಕಂಡದ್ದು, ಎಣಿಸಿದ್ದು, ಓದಿದ್ದು (ಎಲ್ಲಿ?), ಇಲ್ಲವೇ ಅಂತೆ. ಅಂತೆ ಇರಬಾರದು ಅಂತೇನಿಲ್ಲ, ಅದರ ಮೇಲೆಯೇ ಮನೆ ಕಟ್ಟಬಾರದು.

ಕಂಡದ್ದೆಲ್ಲ ಗಟ್ಟಿ ಅಂತಲೂ ಅಲ್ಲ. ನಮ್ಮ ತೊಗರಿಯನ್ನೇ ತೆಗೆದುಕೊಳ್ಳಿ. ಹೂವು, ಕಾಯಿ ಹೊತ್ತಿಗೆ ಗಿಡ ಒಣಗಿ ನಿಂತಿರುತ್ತದೆ. ಒಬ್ಬ ಹುಡುಗ 'ಮಳೆ ಸಾಲಲಿಲ್ಲ' ಅಂತ ಬರೆಯುತ್ತಾನೆ. ಇನ್ನೊಬ್ಬ 'ನೆಟೆ ರೋಗ' ಅಂತ ಬರೆಯುತ್ತಾನೆ. ಪುರಾವೆ ಏನು ಅಂದರೆ ಇಬ್ಬರೂ ಅದೇ ಒಣಗಿದ ಗಿಡ ತೋರಿಸುತ್ತಾರೆ! ಒಣಗಿದ ಗಿಡ ಇಬ್ಬರ ಕಡೆಗೂ ಸಾಕ್ಷಿ ಹೇಳುತ್ತದೆ, ಅಂದಮೇಲೆ ಯಾರ ಕಡೆಗೂ ಹೇಳಿದಂತಾಗಲಿಲ್ಲ. ಈಗ ಕಾಂಡದ ತೊಗಟೆ ಸೀಳಿ ನೋಡಿ. ಒಳಗೆ ಉದ್ದಕ್ಕೆ ಕಪ್ಪು ಗೆರೆ ಕಂಡರೆ ಅದು ನೆಟೆಯ ಗುರುತು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ, ನೀರು ಏರುವ ದಾರಿಯನ್ನೇ ಕಟ್ಟಿಹಾಕುತ್ತದೆ. ಹೊಲದಲ್ಲಿ ಹಸಿ ಇದ್ದರೂ ಗಿಡ ಒಣಗುವುದು ಅದಕ್ಕೇ. ಬರೀ ಮಳೆ ಕಡಿಮೆಯಾಗಿದ್ದರೆ ಆ ಗೆರೆ ಬರುತ್ತಿರಲಿಲ್ಲ. ಎದುರಿನವನ ಹೇಳಿಕೆಯಿಂದ ವಿವರಿಸಲು ಆಗದ ಪುರಾವೆ ಯಾವುದೋ ಅದೇ ಒಳ್ಳೆಯ ಪುರಾವೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುವ ಗಾದೆ ಇಲ್ಲಿ ಕೆಲಸಕ್ಕೆ ಬಂತು ನೋಡಿ, ವಿಸ್ತರಣೆ ಇಲ್ಲದೆ. ವಿಜ್ಞಾನದ ಮೇಷ್ಟ್ರನ್ನು ಕರೆದುಕೊಂಡು ಒಂದು ದಿನ ಪಕ್ಕದ ಹೊಲಕ್ಕೇ ಹೋಗಿಬನ್ನಿ.

ಪುರಾವೆ ಎಷ್ಟು ದೂರ ಹೋಗುತ್ತದೆ ಅನ್ನುವುದು ಇನ್ನೊಂದು ಪಾಠ. ಅದಕ್ಕೆ ಸನ್ನತಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಮ್ಮ ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಮೇಲೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಒಬ್ಬ ರಾಜನ ಉಬ್ಬುಶಿಲ್ಪ ಬಂತು. ಜೊತೆಗೆ ರಾಣಿ, ಪರಿವಾರ. ಇವನು ಅಶೋಕ ಅಂತ ಹೇಗೆ ಹೇಳುತ್ತೀರಿ? ಅದೇ ಕಲ್ಲಿನಲ್ಲಿ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಅಂತ ಕೆತ್ತಿದೆ. ಹೇಳಿಕೆ, ಪುರಾವೆ, ಕೊಂಡಿ ಮೂರೂ ಒಂದೇ ಕಲ್ಲಿನಲ್ಲಿ. ಈಗ ಮಕ್ಕಳನ್ನು ಒಂದು ಹೆಜ್ಜೆ ಮುಂದೆ ಒಯ್ಯಿರಿ: 'ಹಾಗಾದರೆ ಅಶೋಕ ನೋಡಲು ಹೀಗೇ ಇದ್ದನಾ?' ಎಲ್ಲರೂ ಹೌದು ಅನ್ನುತ್ತಾರೆ. ಆ ಶಿಲ್ಪ ಕೆತ್ತಿದ್ದು ಅಶೋಕ ಸತ್ತು ಶತಮಾನಗಳಾದ ಮೇಲೆ ಅಂತ ಆಗ ಹೇಳಿ. ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. 'ಇದು ಅಶೋಕನ ಶಿಲ್ಪ' ಅನ್ನಬಹುದು. 'ಅಶೋಕನ ಮುಖ ಹೀಗಿತ್ತು' ಅನ್ನುವಂತಿಲ್ಲ. ಒಂದೇ ಪುರಾವೆ, ಆದರೆ ಅದು ಮೊದಲ ಹೇಳಿಕೆಯನ್ನು ಹೊರುತ್ತದೆ, ಎರಡನೆಯದನ್ನು ಹೊರುವುದಿಲ್ಲ.

ಸಂಖ್ಯೆಗಳೂ ಹೀಗೇ. 'ಯಾದಗಿರಿ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು 51.83 ಶೇಕಡಾ ಮಾತ್ರ' ಅಂತ ಬರೆಯುತ್ತಾರೆ. ಸಂಖ್ಯೆ ಸರಿ ಇದೆ, ಆದರೆ ಅದು 2011ರ ಜನಗಣತಿಯದು. ಬರೆಯುತ್ತಿರುವ ಮಗು ಆಗ ತೊಟ್ಟಿಲಲ್ಲಿತ್ತೋ, ಹುಟ್ಟೇ ಇರಲಿಲ್ಲವೋ! 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಸಂಖ್ಯೆ ಬಳಸಲಿ, 'ಇದೆ' ಅಂತ ಬರೆಯುವ ಬದಲು '2011ರಲ್ಲಿ ಇತ್ತು' ಅಂತ ಬರೆಯಲಿ. ಹೋಲಿಕೆ ಮಾಡುವಾಗಲೂ ಅಷ್ಟೇ. ಏಪ್ರಿಲ್, ಮೇ ಬಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿಗಾಗಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. 'ದೊಡ್ಡವರಿಗೇ ಇಷ್ಟು ಅನುಕೂಲ ಇದ್ದರೆ ನಮಗೂ ಮಾರ್ಚ್‌ನಿಂದಲೇ ಬೆಳಗಿನ ಶಾಲೆ ಬೇಕು' ಅಂತ ಒಬ್ಬ ಬರೆದರೆ ಒಳ್ಳೆಯ ಹೋಲಿಕೆಯೇ. ಆದರೆ ಮಾರ್ಚ್ ಬಿಸಿಲು ಏಪ್ರಿಲ್ ಬಿಸಿಲಿನಷ್ಟೇ ಇರುತ್ತದೆ ಅಂತ ಅವನೇ ತೋರಿಸಬೇಕು.

ತಕರಾರನ್ನು ಬರಹದ ಒಳಗೇ ತಂದು ಉತ್ತರ ಕೊಡುವುದು ಪರದೇಶದಿಂದ ಬಂದ ಹೊಸ ವಿಧಾನ ಅಂತ ನಿಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಗೊಣಗಿದರೆ, ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನ ಕಡೆ ಕೈ ತೋರಿಸಿ. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಆ ಊರಿನ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ಆ ವ್ಯಾಖ್ಯಾನ ಎಷ್ಟೋ ಶತಮಾನ ಆಸ್ತಿ ಪಾಲಿನ ಮೊಕದ್ದಮೆಗಳಲ್ಲಿ ಆಧಾರವಾಯಿತು. ಅವನು ಮಾಡುವುದೂ ಇದನ್ನೇ. ಎದುರಿನವನ ಮಾತನ್ನು ಮೊದಲು ಪೂರ್ತಿಯಾಗಿ ಇಡುತ್ತಾನೆ, ಪೂರ್ವಪಕ್ಷ ಅಂತ. ಆಮೇಲೆ ತನ್ನ ಉತ್ತರ. ಇದರಲ್ಲಿ ಮಕ್ಕಳಿಗೆ ಒಂದು ನಿಯಮ ಸಿಗುತ್ತದೆ: ತಕರಾರನ್ನು ಎದುರಾಳಿಯೇ ಕೇಳಿ 'ಹೌದು, ನಾನು ಹೇಳಿದ್ದು ಇದನ್ನೇ' ಅನ್ನುವಂತೆ ಬರೆಯಬೇಕು. ಅವನ ಮಾತನ್ನು ಹುಲ್ಲಿನ ಗೊಂಬೆ ಮಾಡಿ ಹೊಡೆದರೆ ಆಗುವುದಿಲ್ಲ.

ತರಗತಿಯಲ್ಲಿ ನಡೆಸುವುದು ಹೇಗೆ? 54 ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಉಳಿದ ಇಬ್ಬರನ್ನು ಯಾವುದಾದರೂ ಗುಂಪಿಗೆ ಸೇರಿಸಿ. ಒಬ್ಬ ಹೇಳುತ್ತಾನೆ. ಇನ್ನೊಬ್ಬಳು 'ಅದಕ್ಕೇನೀಗ?' ಕೇಳುತ್ತಾಳೆ. ಮೂರನೆಯವನದು ತಕರಾರು. ನಾಲ್ಕನೆಯವಳು ಮಾತಾಡುವ ಹಾಗಿಲ್ಲ, ಬರೀ ಬರೆದುಕೊಳ್ಳಬೇಕು. ವಾರ ವಾರ ಪಾತ್ರ ಬದಲಿಸಿ. ಗದ್ದಲ ಆಗುತ್ತದೆ. ಹೆಡ್ ಮಾಸ್ಟರ್‌ಗೆ ಮೊದಲೇ ಹೇಳಿಡಿ. ಒಂದು ಎಚ್ಚರಿಕೆ: ತಕರಾರಿನ ಪಾತ್ರ ಯಾವಾಗಲೂ ಜೋರು ಗಂಡುಮಕ್ಕಳಿಗೇ ಹೋಗುತ್ತದೆ, ಬರೆದುಕೊಳ್ಳುವುದು ಹೆಣ್ಣುಮಕ್ಕಳಿಗೆ. ತಾನಾಗಿಯೇ ಹಾಗಾಗಿಬಿಡುತ್ತದೆ, ಗಮನ ಇರಲಿ.

ಮಾತಿನ ಹಂತದಲ್ಲಿ ಭಾಷೆ ತಿದ್ದಬೇಡಿ. ತಾಂಡಾದಿಂದ ಬಂದ ಮಗುವಿನ ಮನೆಮಾತು ಲಂಬಾಣಿ ಇರಬಹುದು, ಕೆಲವರದು ಉರ್ದು, ಗಡಿ ಹಳ್ಳಿಗಳಲ್ಲಿ ಮರಾಠಿ. 'ಯಾಕಂದ್ರ' ಅಂತ ಶುರು ಮಾಡಿದ ಮಗುವಿನ ಬಾಯಿಗೆ ಅಲ್ಲೇ 'ಏಕೆಂದರೆ' ತುರುಕಿದರೆ ಕಾರಣವೂ ಅಲ್ಲೇ ನಿಂತುಹೋಗುತ್ತದೆ. 'ಯಾಕಂದ್ರ' ಬಂದಿದೆ ಅಂದರೆ ಯೋಚನೆ ನಡೆದಿದೆ. ಅಂತಿಮವಾಗಿ ಬರೆಯುವಾಗ 'ಏಕೆಂದರೆ' ಮಾಡಿಸಿದರಾಯಿತು.

ತಿದ್ದುವ ಹೊರೆ ಇಳಿಸಲು ನಾನು ಮಾಡುತ್ತಿದ್ದದ್ದು ಇಷ್ಟು. ಕೊಡುವ ಮುಂಚೆ ಮಗುವೇ ಪೆನ್ಸಿಲ್‌ನಲ್ಲಿ ಹೇಳಿಕೆಯ ಕೆಳಗೆ ಒಂದು ಗೆರೆ, ಪುರಾವೆಯ ಕೆಳಗೆ ಚುಕ್ಕಿ ಗೆರೆ, ಕೊಂಡಿಯ ಕೆಳಗೆ ಜೋಡಿ ಗೆರೆ ಎಳೆಯಬೇಕು. ಜೋಡಿ ಗೆರೆ ಇಲ್ಲದ ಪುಸ್ತಕವನ್ನು ಓದದೆಯೇ ವಾಪಸ್ ಕೊಡುತ್ತಿದ್ದೆ. ಇದ್ದರೆ ಆ ಜೋಡಿ ಗೆರೆಯ ಸಾಲನ್ನು ಮಾತ್ರ ಗಮನವಿಟ್ಟು ನೋಡುತ್ತಿದ್ದೆ, ಕಾಗುಣಿತಕ್ಕೆ ಆ ವಾರ ರಜೆ. ದಿನಕ್ಕೆ ಒಂಬತ್ತು ಪುಸ್ತಕ ಅಂದರೆ ಆರು ದಿನಕ್ಕೆ ನಿಮ್ಮ 54 ಮುಗಿಯುತ್ತವೆ. ಒಂದು ಪುಸ್ತಕಕ್ಕೆ ಎರಡು ನಿಮಿಷಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ.

ಫೋನ್‌ನಲ್ಲಿ ಕೇಳಿ ಬರೆದುಕೊಂಡು ಬರುವವರ ಬಗ್ಗೆ ನೀವು ಬರೆದಿಲ್ಲ, ಆದರೆ ಅದೂ ಇರುತ್ತದೆ. ನಿಮ್ಮ ಶಾಲೆಯ ಹಾಜರಿಯ ಲೆಕ್ಕ ಯಾವ ಫೋನಿಗೂ ಗೊತ್ತಿಲ್ಲ. ವಿಷಯ ಊರಿನದೇ ಇದ್ದರೆ ಆ ತೊಂದರೆ ಅರ್ಧ ಕಡಿಮೆ.

ಇನ್ನು ಪರೀಕ್ಷೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅನ್ನುವ ತಲೆಬರಹಗಳನ್ನು ತೆಗೆಯಬೇಡಿ, ಅಂಕ ಕೊಡುವವರು ಅವನ್ನು ಹುಡುಕುತ್ತಾರೆ. ಒಳಗಿನ ಸರಕು ಬದಲಿಸಿ. ಪೀಠಿಕೆಯಲ್ಲಿ 'ಇಂದಿನ ಆಧುನಿಕ ಯುಗದಲ್ಲಿ' ಅಂತ ಐದು ಸಾಲು ಬರೆಯುವ ಬದಲು, ತಾನು ಯಾವ ಕಡೆ ಅಂತ ಎರಡು ಸಾಲು. ವಿವರಣೆಯಲ್ಲಿ ಪುರಾವೆ, ಕೊಂಡಿ ಇರುವ ಎರಡು ಪ್ಯಾರಾ. ಉಪಸಂಹಾರದಲ್ಲಿ ದೊಡ್ಡ ತಕರಾರು ಒಂದು, ಅದಕ್ಕೆ ಉತ್ತರ. ಅಂಕ ಹೋಗುವ ಭಯ ಬೇಡ. ಒಂದೇ ಗೈಡ್‌ನಿಂದ ಇಳಿದ ನೂರು ಪ್ರಬಂಧ ಓದಿ ಸೋತವರಿಗೆ ಇಂಥದ್ದೊಂದು ಸಿಕ್ಕರೆ ಅವರು ನಿಧಾನವಾಗಿ ಓದುತ್ತಾರೆ. ಮೌಲ್ಯಮಾಪನಕ್ಕೆ ಕೂತವನಾಗಿ ಹೇಳುತ್ತಿದ್ದೇನೆ.

ಮೊದಲ ಎರಡು ವಾರ ಪ್ಯಾರಾಗಳು ಈಗಿರುವುದಕ್ಕಿಂತ ಕೆಟ್ಟದಾಗಿ, ಗಿಡ್ಡದಾಗಿ ಬರುತ್ತವೆ. ಹಳೆಯ ಸಾಲುಗಳು ಹೋಗಿರುತ್ತವೆ, ಹೊಸವು ಬಂದಿರುವುದಿಲ್ಲ. ಮೂರು ಸಾಲು ಬಂದರೂ ಸಾಕು ಅನ್ನಿ.

ಮೊದಲ ವಾರಕ್ಕೆ ಮೊಬೈಲ್, ಪರಿಸರ, ವಿಜ್ಞಾನ ಯಾವುದೂ ಬೇಡ. ಬಿಸಿಯೂಟದಲ್ಲಿ ವಾರಕ್ಕೊಂದು ದಿನ ಜೋಳದ ರೊಟ್ಟಿ ಕೊಡಬೇಕೋ ಬೇಡವೋ ಅಂತ ಕೇಳಿ. ಮೊದಲು ಎಲ್ಲರೂ ಬೇಕು ಅಂತಾರೆ. ಆಮೇಲೆ ಅಡುಗೆಯವರನ್ನು ಐದು ನಿಮಿಷ ತರಗತಿಗೆ ಕರೆಸಿ, ಇಡೀ ಶಾಲೆಗೆ ರೊಟ್ಟಿ ಬಡಿಯಲು ಎಷ್ಟು ಹೊತ್ತು ಬೇಕು, ಎಷ್ಟು ಕೈ ಬೇಕು ಅಂತ ಅವರ ಬಾಯಿಂದಲೇ ಕೇಳಿಸಿ. ಅಲ್ಲಿಂದ ಮುಂದೆ ನೀವು ಕುರ್ಚಿ ಮೇಲೆ ಕೂತುಕೊಳ್ಳಬಹುದು.